ಕಂಟ್ರೋಲ್ ನಂಬರ್ ಒಂದು

ಬೆಳ್ಳಿಹಬ್ಬದ ಸಂಚಿಕೆಗೆ ಎರಡು ಮಾತು ಬೇಕಂತೆ,
ಸಂಶೋಧನಾ ಕೇಂದ್ರದ ಚರಿತ್ರೆ, ಗಾಜು ತೊಳೆದವಳ ಬಾಯಿಂದ.
ಬರಕೋಪ್ಪ. ನಿಧಾನಕ್ಕೆ ಹೇಳ್ತೀನಿ.

ಬಾಗಿಲ ಕಲ್ಲಲ್ಲಿ ಮಂತ್ರಿಯ ಹೆಸರಿದೆ, ತಾರೀಖಿದೆ.
ಅದಕ್ಕೂ ಆರು ವರ್ಷ ಮುಂಚೆ ಶುರುವಾದದ್ದು,
ಕೋಲಾರದ ದೊಡ್ಡಾಸ್ಪತ್ರೆ ಹಿಂದೆ, ಹೆಣದ ಕೋಣೆ ಪಕ್ಕ,
ಮುರಿದ ಮಂಚ ಒಟ್ಟಿದ್ದ ರೂಮಲ್ಲಿ.
ಒಂದು ಮೈಕ್ರೋಸ್ಕೋಪು, ಒಂದು ಸೀಮೆಎಣ್ಣೆ ಸ್ಟವ್ವು,
ಮೇಣ ಕರಗಿಸೋಕೆ ಒಂದು ಪಾತ್ರೆ.
ಪಾತ್ರೆ ನಮ್ಮನೇದು. ವಾಪಸ್ ಬರಲಿಲ್ಲ.

ಅಲ್ಲ, ತಡಿ, ಅದಕ್ಕೂ ಮೊದಲು.
ಶುರುವಾದದ್ದು ಪಿಳ್ಳಮ್ಮನ ಎಡಗೆನ್ನೆಯಲ್ಲಿ.

ನಾನೂ ಅವಳೂ ಒಂದೇ ಚೀಲದವರು.
ಹನ್ನೆರಡು ವರ್ಷ ಟೊಮೇಟೊ ಮಂಡಿಯಲ್ಲಿ
ಕೊಳೆತದ್ದು ಒಂದು ಕಡೆ, ಗಟ್ಟಿ ಒಂದು ಕಡೆ ಆಯ್ದೆವು.
ಒಂದೇ ಎಲೆ ಸೀಳಿ ಹಂಚಿಕೊಂಡೆವು,
ಒಂದೇ ಡಬ್ಬಿಯ ಸುಣ್ಣ, ಒಂದೇ ಪೊಟ್ಟಣದ ಕಡ್ಡಿಪುಡಿ.
ಅವಳು ಎಡಕ್ಕೆ ಒತ್ತುತ್ತಿದ್ದಳು, ನಾನು ಬಲಕ್ಕೆ.
ಅಷ್ಟೇ ವ್ಯತ್ಯಾಸ, ನನಗೆ ಗೊತ್ತಿರೋ ಮಟ್ಟಿಗೆ.

ಫಜಲುಲ್ಲಾ ಡಾಕ್ಟ್ರು ಟಾರ್ಚು ಹಾಕಿ ಅವಳ ಬಾಯಿ ನೋಡಿದರು.
ಬಹಳ ಹೊತ್ತು ನೋಡಿದರು.
ಆಮೇಲೆ, ಜೊತೆಗೆ ಬಂದವಳು, ನೀನೂ ತೆಗಿ, ಅಂದರು.
ನನ್ನ ಬಾಯಲ್ಲಿ ಕೆಂಪು ಬಿಟ್ಟರೆ ಏನೂ ಇಲ್ಲ.
ಟಾರ್ಚು ಆರಿಸಿ, ಯಾರ ಮುಖವನ್ನೂ ನೋಡದೆ
ಪಿಳ್ಳಮ್ಮನ ತೆಲುಗಲ್ಲೇ ಕೇಳಿದರು:
"ದೀನಿಕಿ ವಚ್ಚಿಂದಿ, ನೀಕು ರಾಲೇದು. ಎಂದುಕು?"

ಆ ಎಂದುಕುಗೆ ಕಟ್ಟಿದ್ದು, ನೀನು ಕೂತಿರೋ ಮೂರು ಮಹಡಿ.

ಪಿಳ್ಳಮ್ಮ ಎಂಟು ತಿಂಗಳು ಇದ್ದಳು,
ಕೊನೆಕೊನೆಗೆ ರಾಗಿ ಗಂಜಿ, ಬತ್ತಿಯಲ್ಲಿ ಅದ್ದಿ.
ಅವಳ ಕೆನ್ನೆಯ ಚೂರು, ಹುಣಿಸೆ ಬೀಜದಷ್ಟು,
ಮೇಣದಲ್ಲಿ ಕೂರಿಸಿ ಪೆನ್ಸಿಲಲ್ಲಿ ಬರೆದರು: ಕೇಸ್ ಒಂದು.
ನನ್ನ ಕೆನ್ನೆ ಐಸ್‌ಕ್ಯಾಂಡಿ ಕಡ್ಡಿಯಿಂದ ಕೆರೆದು
ಗಾಜಿಗೆ ಸವರಿದರು: ಕಂಟ್ರೋಲ್ ಒಂದು.
ಕಂಟ್ರೋಲ್ ಅಂದರೆ ಸಕ್ಕರೆ, ಸೀಮೆಎಣ್ಣೆ ಕೊಡೋ ಅಂಗಡಿ ಅಂದುಕೊಂಡಿದ್ದೆ.
ಏನೂ ಆಗದವರನ್ನ ಹಂಗಂತಾರಂತೆ.

ಆಮೇಲೆ ಕೆಲಸ ಕೊಟ್ಟರು, ದಿನಕ್ಕೆ ಹದಿನಾಲ್ಕು ರೂಪಾಯಿ.
ಕರಾರು ಒಂದೇ, ಎಲೆಅಡಿಕೆ ಬಿಡಬೇಕು.
ಬಿಟ್ಟೆ. ಭಾನುವಾರ ಬಿಟ್ಟು.

ಫ್ರಿಜ್ಜು ಬರೋವರೆಗೆ ಸೋಡಾ ಫ್ಯಾಕ್ಟರಿಯ ಐಸು,
ಹೊಟ್ಟು ಮೆತ್ತಿ, ಗೋಣಿ ಸುತ್ತಿ, ಸೈಕಲ್ ಕ್ಯಾರಿಯರ್ ಮೇಲೆ.
ಗಡಿಯಾರ ಸ್ತಂಭ ದಾಟೋ ಹೊತ್ತಿಗೆ ಅರ್ಧ ನೀರು,
ನನ್ನ ಬೆನ್ನು ಪೂರ್ತಿ ಒದ್ದೆ.
ಎಂಬತ್ತು ಡಿಗ್ರಿ ಚಳಿಯ ಪೆಟ್ಟಿಗೆ ಬಂದ ವರ್ಷ
ಎರಡು ರಾತ್ರಿ ಕರೆಂಟ್ ಹೋಗಿ, ಜನರೇಟರ್ ಕೈಕೊಟ್ಟು,
ಮತ್ತೆ ಅದೇ ಸೋಡಾ ಫ್ಯಾಕ್ಟರಿ ಬಾಗಿಲು ಬಡಿದೆವು,
ವಿಜ್ಞಾನಿಗಳೂ ನಾನೂ, ಚಡ್ಡಿ ಬನೀನಿನ ಸಾಹುಕಾರನ ಮುಂದೆ ಕೈಕಟ್ಟಿ.
ಒಳಗಿದ್ದದ್ದು ಮುನ್ನೂರ ಹತ್ತು ಕೆನ್ನೆ.
ಒಂದೂ ಕೆಡಲಿಲ್ಲ. ಇದು ಯಾವ ವರದಿಯಲ್ಲೂ ಇಲ್ಲ.

ಹೊಸ ಮೇಡಂ, ಇಂದುಶ್ರೀ ಅಂತ, ಚಿಕ್ಕ ಹುಡುಗಿ,
ನನ್ನ ರಕ್ತದಿಂದ ಬಿಳೀ ಎಳೆ ತೆಗೆದು ತೋರಿಸಿದಳು.
ಶಿಡ್ಲಘಟ್ಟದಲ್ಲಿ ಗೂಡಿಂದ ತೆಗೀತಾರಲ್ಲ, ಥೇಟ್ ಹಂಗೆ.
ಪಿಳ್ಳಮ್ಮಂದು? ಅಂದೆ.
ಮೇಣದಲ್ಲಿ ಇಷ್ಟು ವರ್ಷ ಇದ್ದದ್ದು ಚೂರುಚೂರಾಗಿರುತ್ತೆ, ಅಂದಳು,
ಆದರೂ ಓದಬಹುದು.
ಕತ್ತಲೆ ಕೋಣೆಯಲ್ಲಿ ನೀಲಿ ದೀಪದ ಮೇಲೆ
ಗಂಜಿಯಂಥ ಒಂದು ತಟ್ಟೆ.
ಅವಳ ಗೆರೆ ಒಂದು, ಮಗ್ಗುಲಲ್ಲೇ ನನ್ನದು,
ಮಂಡಿಯಲ್ಲಿ ಕೂರುತ್ತಿದ್ದ ಹಂಗೇ, ಮೊಣಕಾಲಿಗೆ ಮೊಣಕಾಲು.

ಎಂದುಕು ಅನ್ನೋದು ತಿಳೀತಾ ಅಂತ ಕೇಳಿದೆ.
ಸ್ವಲ್ಪ, ಅಂದಳು.

ಈಗ ಕೇಸು ಹನ್ನೊಂದು ಸಾವಿರ ದಾಟಿದೆ.
ಕಂಟ್ರೋಲ್ ಒಂದು ಇನ್ನೂ ನಾನೇ.
ಹೋದ ತಿಂಗಳಿಂದ ನಾಲಿಗೆ
ಬಲಗೆನ್ನೆಯ ಒಂದು ಜಾಗಕ್ಕೆ ಹೋಗಿ ಹೋಗಿ ಬರುತ್ತೆ.
ಯಾರಿಗೂ ಹೇಳಿಲ್ಲ.
ನಾನು ಕೆಟ್ಟರೆ ಇವರ ಲೆಕ್ಕ ಎಲ್ಲಿಂದ ತಿದ್ದಬೇಕೋ ಏನೋ.

ಇದು ಬರಕೋಬೇಡ.
ಪಾತ್ರೆಯದು ಬರಕೋ.